ಕ್ವಾಲಿಸ್‌ನಿಂದ ಹೈಕ್ರಾಸ್‌ವರೆಗೆ: ಟೊಯೊಟಾ ಇಟ್ಟುಕೊಂಡವರು ಅನುಭವ ಹೇಳಿ

ಬಿಡದಿ ಬಯಲು (ರಾಮನಗರ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 2008ರ ಇನ್ನೋವಾ ಇದೆ, 2.5 ಡೀಸೆಲ್. 4 ಲಕ್ಷ ಕಿಲೋಮೀಟರ್ ದಾಟಿದೆ. 15 ವರ್ಷ ಆದಮೇಲೆ ಆರ್‌ಸಿ ರಿನ್ಯೂವಲ್ ಮಾಡಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ ಓಡಿಸುತ್ತಿದ್ದೇವೆ. ಅದಕ್ಕೂ ಮೊದಲು ಅಪ್ಪ ಕ್ವಾಲಿಸ್ ಇಟ್ಟಿದ್ದರು. ಈಗ ಇನ್ನೋವಾ ಹೈಕ್ರಾಸ್ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಗಾಡಿ) ತಗೊಳ್ಳೋಣ ಅಂತ ಮನೆಯಲ್ಲಿ ಮಾತು ನಡೆದಿದೆ. ಆನ್‌ರೋಡ್ 30 ಲಕ್ಷ ದಾಟುತ್ತದೆ. ಅಷ್ಟು ದುಡ್ಡು ಹಾಕುವ ಮುಂಚೆ ಈ ಗಾಡಿಗಳನ್ನು ವರ್ಷಗಟ್ಟಲೆ ಓಡಿಸಿದವರ ಮಾತು ಕೇಳಬೇಕು ಅನ್ನಿಸಿತು.

ನಮ್ಮ ಕಡೆ ಈ ಕಂಪನಿಯ ಜೊತೆ ಪ್ರತಿ ಊರಿಗೂ ಏನಾದರೂ ಒಂದು ನಂಟು ಇದೆ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಶುರುವಾಯಿತು. ಬಿಡದಿಯಲ್ಲಿ 432 ಎಕರೆ ಜಾಗ. 1999ರ ಡಿಸೆಂಬರ್‌ನಲ್ಲಿ ಫ್ಯಾಕ್ಟರಿ ಕೆಲಸ ಆರಂಭಿಸಿತು. 2000ದ ಜನವರಿಯಲ್ಲಿ ಕ್ವಾಲಿಸ್ ಮಾರುಕಟ್ಟೆಗೆ ಬಂತು. ಮೈಸೂರು ರಸ್ತೆಯಲ್ಲಿ ಹೊಸ ಗಾಡಿ ಹೊತ್ತ ಟ್ರೇಲರ್‌ಗಳು ಸಾಲಾಗಿ ಹೋಗೋದನ್ನು ನೋಡಿಕೊಂಡೇ ನಮ್ಮ ವಯಸ್ಸಿನವರು ಬೆಳೆದದ್ದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಗಾಡಿಗಳು ಇಷ್ಟು ಬಾಳಿಕೆ ಬರೋದು ಅದೃಷ್ಟದಿಂದ ಅಲ್ಲ. ಬೇರೆಲ್ಲೋ ಓಡಿ ಪಳಗಿದ್ದನ್ನು ಮಾತ್ರ ಇವರು ನಮಗೆ ಕೊಟ್ಟರು. ಕ್ವಾಲಿಸ್‌ನ ಮೂಲ ಟೊಯೊಟಾದ್ದೇ ಇಂಡೋನೇಷ್ಯಾದ ಗಾಡಿ, ಕಿಜಾಂಗ್. ಅದರ ಮೂರನೇ ತಲೆಮಾರು 1986ರಲ್ಲೇ ಅಲ್ಲಿ ರಸ್ತೆಗೆ ಬಂದಿತ್ತು. ನಮಗೆ ಬರುವ ಹೊತ್ತಿಗೆ ಅಲ್ಲಿ ಅದರ ಮುಂದಿನ ಮಾಡೆಲ್ ಕೂಡ ಬಂದಾಗಿತ್ತು. ಡಬ್ಬದ ಥರ ಇದೆ ಅಂತ ಮೂಗು ಮುರಿದವರು ಬಹಳ ಜನ. ಆದರೆ ಒಳಗೆ ಇದ್ದದ್ದು ಟರ್ಬೊ ಇಲ್ಲದ 2.4 ಲೀಟರ್ ಡೀಸೆಲ್, ಲ್ಯಾಡರ್ ಚಾಸಿ (ಏಣಿಯ ಥರದ ಗಟ್ಟಿ ಚೌಕಟ್ಟು), ಹಿಂದೆ ಲೀಫ್ ಸ್ಪ್ರಿಂಗ್. ಕೆಡೋಕೆ ಅಲ್ಲಿ ಜಾಸ್ತಿ ಏನೂ ಇರಲಿಲ್ಲ.

ಹೈಬ್ರಿಡ್ ಅಂದಾಗ ಈ ಲೆಕ್ಕ ಹಿಡಿಯುತ್ತಾ? ಅದೇ ನನ್ನ ಪ್ರಶ್ನೆ.

ಹಳದಿ ಬೋರ್ಡ್ (ಮೈಸೂರು)

ಸರ್, ಕ್ವಾಲಿಸ್ ಅಂದ ತಕ್ಷಣ ಬೆಂಗಳೂರಿನ ನೈಟ್ ಶಿಫ್ಟ್ ನೆನಪಾಗುತ್ತೆ. 2001-02ರ ಸುಮಾರಿಗೆ ಕಾಲ್ ಸೆಂಟರ್‌ಗಳು ಒಂದರ ಹಿಂದೆ ಒಂದು ಬಂದವು. ಪಿಕಪ್, ಡ್ರಾಪ್‌ಗೆ ಎಲ್ಲಿ ನೋಡಿದರೂ ಬಿಳಿ ಕ್ವಾಲಿಸ್. ಹಿಂದೆ ಎದುರುಬದುರು ಸೀಟು ಇದ್ದ ಗಾಡಿಯಲ್ಲಿ ಹತ್ತು ಜನ ಕೂರೋರು. ರಾತ್ರಿ ಒಬ್ಬ ಡ್ರೈವರ್, ಹಗಲು ಇನ್ನೊಬ್ಬ. ಇಂಜಿನ್ ತಣ್ಣಗಾಗೋಕೆ ಪುರುಸೊತ್ತೇ ಇರಲಿಲ್ಲ. ಹಾಗೆ ದುಡಿದ ಗಾಡಿಗಳು ಆಮೇಲೆ ಹಳ್ಳಿ ಕಡೆ ಬಂದು ಮದುವೆ ಬಾಡಿಗೆ, ಶಾಲೆ ಮಕ್ಕಳ ಟ್ರಿಪ್ ಅಂತ ಇನ್ನೊಂದು ಜೀವನ ಮಾಡಿದವು.

ಚೆನ್ನಾಗಿ ಮಾರಾಟ ಆಗುತ್ತಿದ್ದಾಗಲೇ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದರು. ಸ್ಟ್ಯಾಂಡ್‌ನಲ್ಲಿ ಎಲ್ಲರಿಗೂ ಬೇಜಾರು. ರೇಟು ಜಾಸ್ತಿ, ಕಂಪ್ಯೂಟರ್ ಇಂಜಿನ್, ನಮ್ಮ ಕೈಗೆ ಸಿಗೋದಿಲ್ಲ ಅಂತ. ಆದರೆ ಧರ್ಮಸ್ಥಳ, ತಿರುಪತಿ ಟ್ರಿಪ್‌ಗೆ ಹೋಗೋ ಪಾರ್ಟಿಗಳು ಒಂದು ಸಲ ಅದರಲ್ಲಿ ಕೂತಮೇಲೆ ಬೇರೆ ಗಾಡಿ ಕೇಳಲಿಲ್ಲ. ಹಿಂದೆ ಕಾಯಿಲ್ ಸ್ಪ್ರಿಂಗ್ ಬಂದಿದ್ದೇ ದೊಡ್ಡ ವ್ಯತ್ಯಾಸ. ಶಿರಾಡಿ ಘಾಟಿ ಹತ್ತುವಾಗ ಹಿಂದಿನ ಸಾಲಿನ ಅಜ್ಜಿಯರು ವಾಂತಿ ಮಾಡಿಕೊಳ್ಳೋದು ಕಮ್ಮಿ ಆಯಿತು, ನಿಜವಾಗಿಯೂ. ಬಾಡಿಗೆ ಗಾಡಿ ಇಟ್ಟವನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ನನ್ನದೂ 2.5 ಡೀಸೆಲ್ಲೇ. ಆಯಿಲ್, ಡೀಸೆಲ್ ಫಿಲ್ಟರ್ ಎರಡನ್ನೂ ಪುಸ್ತಕದಲ್ಲಿ ಹೇಳಿರುವುದಕ್ಕಿಂತ ಮುಂಚೆನೇ ಬದಲಾಯಿಸುತ್ತೇನೆ. ಒಂದೇ ಸಲ ದೊಡ್ಡ ಖರ್ಚು ಬಂದಿದ್ದು, ಹೆದ್ದಾರಿಯ ಯಾವುದೋ ಬಂಕ್‌ನಲ್ಲಿ ನೀರು ಬೆರೆತ ಡೀಸೆಲ್ ಹಾಕಿಸಿದ್ದರಿಂದ. ಇಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಹೋದವು. ಗಾಡಿಯದ್ದೇನೂ ತಪ್ಪಿರಲಿಲ್ಲ.

ಹಳೇ ಪುಟ (ಧಾರವಾಡ)

ಬಿಡದಿಯವರು ಹೇಳಿದ 'ಬೇರೆಲ್ಲೋ ಪಳಗಿದ್ದು' ಅನ್ನುವ ಮಾತಿಗೆ ಹಿಂದಿನ ಕಥೆ ಸ್ವಲ್ಪ ಸೇರಿಸುತ್ತೇನೆ. ಉದ್ದ ಆದರೆ ಸಹಿಸಿಕೊಳ್ಳಿ.

ಟೊಯೊಟಾದ ಬೇರು ಇರುವುದು ಮಗ್ಗದಲ್ಲಿ. ಸಾಕಿಚಿ ಟೊಯೊಡಾ ಬಡಗಿಯ ಮಗ, 1867ರಲ್ಲಿ ಹುಟ್ಟಿದವರು. ಇಡೀ ಜೀವನ ಮಗ್ಗ ಸುಧಾರಿಸುವುದರಲ್ಲೇ ಕಳೆದರು. 1924ರಲ್ಲಿ ಅವರ ಟೈಪ್ ಜಿ ಸ್ವಯಂಚಾಲಿತ ಮಗ್ಗ ಬಂತು. ನೂಲು ಹರಿದರೆ ಅದು ತಾನಾಗಿ ನಿಲ್ಲುತ್ತಿತ್ತು. ಇದು ಸಣ್ಣ ವಿಷಯ ಅಲ್ಲ. ನಿಲ್ಲದ ಮಗ್ಗ ಆದರೆ ಹರಿದ ನೂಲಿನಲ್ಲೇ ಗಜಗಟ್ಟಲೆ ಕೆಟ್ಟ ಬಟ್ಟೆ ನೇಯ್ದುಬಿಡುತ್ತದೆ. ಅದನ್ನು ಕಾಯೋಕೆ ಒಂದೊಂದು ಮಗ್ಗಕ್ಕೂ ಒಬ್ಬೊಬ್ಬ ಆಳು ಬೇಕು. ತಾನೇ ನಿಲ್ಲುವ ಮಗ್ಗಗಳಾದರೆ ಒಬ್ಬರೇ ಹತ್ತಾರು ನೋಡಿಕೊಳ್ಳಬಹುದು. ತಪ್ಪು ಕಂಡ ಕಡೆಯೇ ಕೆಲಸ ನಿಲ್ಲಿಸು ಅನ್ನುವ ಈ ನಿಯಮವೇ ಮುಂದೆ ಕಾರು ಫ್ಯಾಕ್ಟರಿಗೂ ಬಂತು. ಲೈನ್‌ನಲ್ಲಿ ನಿಂತ ಕಾರ್ಮಿಕ ಏನಾದರೂ ದೋಷ ಕಂಡರೆ ತಲೆಯ ಮೇಲಿನ ಹಗ್ಗ ಎಳೆಯುತ್ತಾನೆ. ಮೇಲ್ವಿಚಾರಕ ಓಡಿ ಬರುತ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಟೊಯೊಟಾದ ಇಂಜಿನಿಯರ್ ತೈಚಿ ಓನೊ ಯುದ್ಧದ ನಂತರ ಕಟ್ಟಿದ ಉತ್ಪಾದನಾ ಪದ್ಧತಿಯ ಒಂದು ಕಾಲು ಇದು. ಇನ್ನೊಂದು ಕಾಲು, ಬೇಕಾದಾಗ ಬೇಕಾದಷ್ಟೇ ಸಾಮಾನು ತರಿಸುವುದು.

1929ರಲ್ಲಿ ಆ ಮಗ್ಗದ ಹಕ್ಕನ್ನು ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿಗೆ ಕೊಟ್ಟರು. ಮಗ ಕಿಚಿರೊ 1933ರಲ್ಲಿ ಮಗ್ಗದ ಕಂಪನಿಯೊಳಗೇ ಕಾರು ವಿಭಾಗ ತೆರೆದರು. 1935ರಲ್ಲಿ ಜಿ1 ಲಾರಿ, 1936ರಲ್ಲಿ ಎಎ ಕಾರು, 1937ರಲ್ಲಿ ಬೇರೆ ಕಂಪನಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹುಟ್ಟಿದಾಗಿಂದ ಇವರ ಗಾಡಿ ಗಟ್ಟಿ ಇತ್ತು ಅಂದುಕೊಳ್ಳಬೇಡಿ. ಆ ಜಿ1 ಲಾರಿಗಳು ದಾರಿಯಲ್ಲಿ ಪದೇ ಪದೇ ಕೆಟ್ಟು ನಿಲ್ಲುತ್ತಿದ್ದವು. 1950ರಲ್ಲಿ ಕಂಪನಿ ದಿವಾಳಿ ಅಂಚಿಗೆ ಬಂತು. ಕಾರ್ಮಿಕರನ್ನು ತೆಗೆಯಬೇಕಾಯಿತು, ದೊಡ್ಡ ಮುಷ್ಕರ ಆಯಿತು, ಕಿಚಿರೊ ಅಧ್ಯಕ್ಷ ಸ್ಥಾನ ಬಿಟ್ಟರು. ಆಮೇಲೆ ಕೊರಿಯಾ ಯುದ್ಧಕ್ಕೆ ಅಮೆರಿಕ ಸೇನೆ ಲಾರಿ ತಗೊಂಡಿದ್ದರಿಂದ ಉಸಿರು ಬಂತು. 1957ರಲ್ಲಿ ಅಮೆರಿಕಕ್ಕೆ ಕಳಿಸಿದ ಕ್ರೌನ್ ಕಾರು ಅಲ್ಲಿನ ಹೆದ್ದಾರಿಯ ವೇಗ ತಡೆಯಲಾರದೆ ಸೋತಿತು. ಗಟ್ಟಿತನ ಅನ್ನೋದು ಇಷ್ಟೆಲ್ಲ ಪೆಟ್ಟು ತಿಂದು ಕಲಿತದ್ದು. 1966ರ ಕೊರೊಲಾ ಆಮೇಲಿನ ಮಾತು.

ಹುಬ್ಬಳ್ಳಿ ಗ್ಯಾರೇಜ್

ಹಳೇ ಪುಟ ಸರ್ ಚಲೋ ಬರೆದೀರಿ. ಕಿರ್ಲೋಸ್ಕರ್ ಕಥೆನೂ ಹೇಳಿಬಿಡ್ರಿ, ಅದು ನಮ್ಮ ಭಾಗದ್ದು.

ಹಳೇ ಪುಟ (ಧಾರವಾಡ)

ಖಂಡಿತ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮೊದಲು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಆಮೇಲೆ ಕಬ್ಬಿಣದ ನೇಗಿಲು. ಮುಂದೆ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು, ಲೇತ್ ಮಾಡುತ್ತಿದ್ದರು. ಹಳೇ ವರ್ಕ್‌ಶಾಪ್‌ಗಳಲ್ಲಿ ಹರಿಹರದ ಲೇತ್ ಇವತ್ತೂ ತಿರುಗುತ್ತಿದೆ. ಅದೇ ಮನೆತನದ ವಿಕ್ರಮ್ ಕಿರ್ಲೋಸ್ಕರ್ ಅವರು ಟೊಯೊಟಾವನ್ನು ಬಿಡದಿಗೆ ತಂದವರಲ್ಲಿ ಮುಖ್ಯರು. 2022ರ ನವೆಂಬರ್‌ನಲ್ಲಿ ತೀರಿಕೊಂಡರು.

ನನಗೆ ತುಂಬ ಇಷ್ಟವಾದ ಸಂಗತಿ ಇನ್ನೊಂದಿದೆ. ಟೊಯೊಟಾ, ಕಿರ್ಲೋಸ್ಕರ್ ಇಬ್ಬರ ಪಾಲುದಾರಿಕೆ ಶುರುವಾಗಿದ್ದು ಕಾರಿನಿಂದ ಅಲ್ಲ. ಕಾರಿಗೆ ಎರಡು ವರ್ಷ ಮುಂಚೆ, 1995ರಲ್ಲಿ, ಬೆಂಗಳೂರಿನ ಜಿಗಣಿಯಲ್ಲಿ ಜವಳಿ ಯಂತ್ರದ ಕಂಪನಿ ತೆರೆದರು. ಜಪಾನಿನಲ್ಲಿ ಹೇಗೋ ಕರ್ನಾಟಕದಲ್ಲೂ ಹಾಗೇ, ನೂಲಿನಿಂದ ಗಾಡಿಗೆ ಬಂದದ್ದು. ಈಗ ಕ್ರಿಸ್ಟಾ (ಇನ್ನೋವಾದ ಮುಂದಿನ ಮಾಡೆಲ್), ಫಾರ್ಚುನರ್‌ನ ಡೀಸೆಲ್ ಇಂಜಿನ್ ತಯಾರಾಗುವುದೂ ಜಿಗಣಿಯಲ್ಲೇ.

ನೇರ ಮಾತು (ಬೆಂಗಳೂರು)

ಎಲ್ಲರೂ ಹೊಗಳುತ್ತಿದ್ದೀರಿ. ಇನ್ನೊಂದು ಕಡೆಯೂ ನೋಡಬೇಕು ಅಲ್ವಾ?

2009-10ರಲ್ಲಿ ಅಮೆರಿಕದಲ್ಲಿ ಆಕ್ಸಿಲರೇಟರ್ ಸಿಕ್ಕಿಹಾಕಿಕೊಳ್ಳುವ ದೂರುಗಳು ಬಂದು ಲಕ್ಷಗಟ್ಟಲೆ ಗಾಡಿ ವಾಪಸ್ ಕರೆಸಿದರು. ಗ್ರಾಹಕರಿಗೆ ಸರಿಯಾದ ಮಾಹಿತಿ ಕೊಡಲಿಲ್ಲ ಅಂತ 2014ರಲ್ಲಿ ಅಲ್ಲಿನ ಸರ್ಕಾರಕ್ಕೆ 120 ಕೋಟಿ ಡಾಲರ್ ಕಟ್ಟಿದರು. 2024ರ ಜನವರಿಯಲ್ಲಿ ಡೀಸೆಲ್ ಇಂಜಿನ್‌ಗಳ ಶಕ್ತಿ ಪರೀಕ್ಷೆಯಲ್ಲಿ ಅಕ್ರಮ ಆಗಿದೆ ಅಂತ ಜಪಾನಿನಲ್ಲೇ ಬಯಲಾಯಿತು. ಆಗ ನಮ್ಮಲ್ಲೂ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ಸಾಗಣೆ ಕೆಲವು ದಿನ ನಿಂತಿತ್ತು. ತಪ್ಪು ಕಂಡರೆ ಲೈನ್ ನಿಲ್ಲಿಸುವವರು ಕಾಗದದ ಮೇಲಿನ ತಪ್ಪು ಕಂಡಾಗಲೂ ನಿಲ್ಲಿಸಬೇಕಿತ್ತು.

ಬಿಡದಿಯಲ್ಲೇ 2020ರ ನವೆಂಬರ್‌ನಲ್ಲಿ ಮುಷ್ಕರ, ಲಾಕೌಟ್ ಆಗಿ ತಿಂಗಳುಗಟ್ಟಲೆ ಎಳೆಯಿತು. ಕೆಲಸದ ಒತ್ತಡ ಜಾಸ್ತಿ ಅನ್ನೋದು ಕಾರ್ಮಿಕರ ದೂರು. ಗಾಡಿ ಬಾಳಿಕೆ ಬಗ್ಗೆ ಮಾತಾಡುವಾಗ ಅದನ್ನು ಜೋಡಿಸುವ ಕೈಗಳ ಬಗ್ಗೆಯೂ ಮಾತಾಡಬೇಕು.

ಆಮೇಲೆ ಗ್ಲಾನ್ಜಾ. 2019ರಲ್ಲಿ ಮಾರುತಿ ಸುಜುಕಿಯ ಬಲೆನೊಗೆ ಬೇರೆ ಲೋಗೊ ಹಾಕಿ ತಂದರು. ಒಳ್ಳೆ ಕಾರೇ ಇರಬಹುದು. ಆದರೆ ಈ ಚರ್ಚೆಯಲ್ಲಿ ನಾವು ಹೇಳುತ್ತಿರುವ ಟೊಯೊಟಾ ಅದಲ್ಲ.

ಬೆಣ್ಣೆದೋಸೆ (ದಾವಣಗೆರೆ)

ಎಟಿಯೋಸ್‌ನ ಎಲ್ಲರೂ ಮರೆತೇಬಿಟ್ಟಿರಾ! 2010ರ ಕೊನೆಯಲ್ಲಿ ಬಂದಿದ್ದು, ಭಾರತಕ್ಕಂತಲೇ ಮಾಡಿದ ಕಾರು. ಅದಕ್ಕೋಸ್ಕರ ಬಿಡದಿಯಲ್ಲಿ ಎರಡನೇ ಫ್ಯಾಕ್ಟರಿನೇ ಕಟ್ಟಿದರು. ಮೀಟರ್‌ಗಳನ್ನು ಡ್ಯಾಶ್‌ಬೋರ್ಡ್ ಮಧ್ಯ ಇಟ್ಟಿದ್ದರು, ಪ್ಲಾಸ್ಟಿಕ್ ಸಾದಾ, ನೋಡೋಕೆ ಏನೂ ಇಲ್ಲ. ಶೋರೂಂನಲ್ಲಿ ಕೂತು ಎದ್ದು ಹೋದವರೇ ಜಾಸ್ತಿ. ಟ್ಯಾಕ್ಸಿ ಕಾರು ಅಂತ ಹೆಸರು ಬಿತ್ತು. 2020ರಲ್ಲಿ ನಿಂತೂ ಹೋಯಿತು.

ಆದರೆ ಗಾಡಿ ಡಿಕ್ಕಿ ಹೊಡೆಸಿ ಸುರಕ್ಷತೆ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 4 ಸ್ಟಾರ್ ತಗೊಂಡಿತ್ತು. ಆ ಕಾಲದಲ್ಲಿ ಆ ರೇಟಿನ ಎಷ್ಟೋ ಕಾರುಗಳಿಗೆ ಸೊನ್ನೆ ಬಂದಿತ್ತು. ನಮ್ಮದು 1.4 ಡೀಸೆಲ್. ದಾವಣಗೆರೆ–ಬೆಂಗಳೂರು ಹೆದ್ದಾರಿಯಲ್ಲಿ 20ರ ಮೇಲೆ ಮೈಲೇಜ್ ಕೊಡುತ್ತೆ. ಡಿಕ್ಕಿಯಲ್ಲಿ ಎರಡು ಅಕ್ಕಿ ಮೂಟೆ, ಮೇಲೆ ತೆಂಗಿನಕಾಯಿ ಚೀಲ ಹಿಡಿಯುತ್ತೆ. ಅಂದ ನೋಡಿ ಬಿಟ್ಟವರು ಒಂದು ಪ್ರಾಮಾಣಿಕ ಕಾರನ್ನು ಕಳಕೊಂಡರು ಅಂತಲೇ ನಾನು ಹೇಳೋದು.

ಮರಳುಗಾಡು (ಕುವೈತ್, ಊರು ಕುಂದಾಪುರ)

ಇಲ್ಲಿನ ಮಾತು ಸ್ವಲ್ಪ ಹೇಳುತ್ತೇನೆ. ಬೇಸಿಗೆಯಲ್ಲಿ 50 ಡಿಗ್ರಿ ಹತ್ತಿರ ಹೋಗುತ್ತೆ. ಧೂಳಿನ ಬಿರುಗಾಳಿ ಎದ್ದರೆ ಏರ್ ಫಿಲ್ಟರ್ ತುಂಬಿ ಹೋಗುತ್ತೆ. ಇಂಥ ಕಡೆ ಜನ ಕಣ್ಣು ಮುಚ್ಚಿ ತಗೊಳ್ಳೋದು ಲ್ಯಾಂಡ್ ಕ್ರೂಸರ್, ಹೈಲಕ್ಸ್, ಕ್ಯಾಮ್ರಿ. ಲ್ಯಾಂಡ್ ಕ್ರೂಸರ್ ವಂಶ 1951ರಿಂದ ಇದೆ. ನಾನು ಓಡಿಸೋದು ಸೆಕೆಂಡ್ ಹ್ಯಾಂಡ್ ಕೊರೊಲಾ. ಏಸಿ ಒಂದಕ್ಕೇ ಅದನ್ನು ಮೆಚ್ಚಬೇಕು. ಮಟಮಟ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರು, ಸಿಗ್ನಲ್ ದಾಟೋದ್ರೊಳಗೆ ತಣ್ಣಗೆ ಗಾಳಿ ಬಿಡುತ್ತೆ.

ಇಲ್ಲಿ ಗಾಡಿ ಹಳತಾದರೂ ಬೆಲೆ ಇಳಿಯೋದಿಲ್ಲ. ಪಾರ್ಟ್ಸ್ ಯಾವ ಅಂಗಡಿಗೆ ಹೋದರೂ ಸಿಗುತ್ತೆ, ಅಸಲಿ ಮತ್ತು ನಕಲಿ ಎರಡೂ. ನಕಲಿ ಆಯಿಲ್ ಫಿಲ್ಟರ್ ಮಾತ್ರ ಹಾಕಿಸಬೇಡಿ, ಊರಲ್ಲಿ ಇದ್ದವರಿಗೂ ಹೇಳ್ತಿದ್ದೇನೆ.

ಏಲಕ್ಕಿ ತೋಟ (ಮೂಡಿಗೆರೆ)

ನಮ್ಮನೆಯಲ್ಲಿ ಕ್ರಿಸ್ಟಾ ಇದೆ, 2.4 ಮ್ಯಾನುಯಲ್. ಬಿಡದಿ ಬಯಲು ಅವರೇ, ನಿಮ್ಮ ರಸ್ತೆ ಹೇಗಿದೆ ಅನ್ನೋದು ಮೊದಲು ನೋಡಿ.

ಇನ್ನೋವಾ, ಕ್ರಿಸ್ಟಾ ಎರಡರಲ್ಲೂ ಇಂಜಿನ್ ಶಕ್ತಿ ಹೋಗೋದು ಹಿಂದಿನ ಚಕ್ರಕ್ಕೆ. ಹೈಕ್ರಾಸ್‌ನಲ್ಲಿ ಮುಂದಿನ ಚಕ್ರಕ್ಕೆ. ಸಪಾಟು ರಸ್ತೆಯಲ್ಲಿ ಇದು ಗೊತ್ತೇ ಆಗೋದಿಲ್ಲ. ನಮ್ಮ ತೋಟದ ದಾರಿ ಮೇನ್ ರೋಡಿನಿಂದ ಕಡಿದಾಗಿ ಮೇಲಕ್ಕೆ ಹತ್ತುತ್ತೆ. ಆಷಾಢದ ಹೊತ್ತಿಗೆ ಕಾಂಕ್ರೀಟ್ ಮೇಲೆ ಹಸಿರು ಪಾಚಿ ಕಟ್ಟಿರುತ್ತೆ. ಏಳು ಜನ ಕೂತು, ಹಿಂದೆ ಕಾಫಿ ಮೂಟೆ ಇಟ್ಟು ಏರು ಹತ್ತುವಾಗ ಭಾರ ಪೂರ್ತಿ ಹಿಂದಕ್ಕೆ ಬೀಳುತ್ತೆ. ಎಳೆಯೋದು ಹಿಂದಿನ ಚಕ್ರ ಆದರೆ ಆ ಭಾರ ನಿಮ್ಮ ಕೆಲಸಕ್ಕೇ ಬರುತ್ತೆ. ಎಳೆಯೋದು ಮುಂದಿನ ಚಕ್ರ ಆದರೆ ಅದು ಹಗುರಾಗಿ ಸುಮ್ನೆ ಸುತ್ತುತ್ತೆ. ಮುಂದಿನ ಚಕ್ರ ಎಳೆಯುವ ಎಲ್ಲ ಗಾಡಿಗೂ ಇದೇ ಕಥೆ. ಹಾಗಾಗಿ ನಾವು ಕ್ರಿಸ್ಟಾದಲ್ಲೇ ಇದ್ದೇವೆ. ಹೈಕ್ರಾಸ್ ಬಂದಮೇಲೂ 2023ರಲ್ಲಿ ಕ್ರಿಸ್ಟಾ ಡೀಸೆಲ್ ಮತ್ತೆ ತಂದರಲ್ಲ, ನಮ್ಮಂಥವರು ಇದ್ದಾರೆ ಅಂತಲೇ.

ಕ್ರಿಸ್ಟಾದಲ್ಲಿ ಒಂದು ವಿಷಯ ನೆನಪಿರಲಿ. ಬಿಎಸ್6 (ಹೊಗೆ ಮಾಲಿನ್ಯದ ನಿಯಮ) ಡೀಸೆಲ್‌ನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಬರೀ ಪೇಟೆಯೊಳಗೆ ಮೂರು ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸ್ತಾ ಇದ್ದರೆ ಅದು ಕಟ್ಟಿಕೊಳ್ಳುತ್ತೆ. ಆಗಾಗ ಹೆದ್ದಾರಿಯಲ್ಲಿ ಒಂದೇ ಸಮ ಓಡಿಸಿದರೆ ಆ ಮಸಿ ಸುಟ್ಟುಹೋಗುತ್ತೆ. ಚಿಕ್ಕಮಗಳೂರಿಗೆ ಹೋಗಿ ಬರೋದೇ ನಮಗೆ ಸಾಕಾಗುತ್ತೆ.

ಟ್ರಾಫಿಕ್ ತಪಸ್ಸು (ಬೆಂಗಳೂರು)

ಹೈಕ್ರಾಸ್ ಹೈಬ್ರಿಡ್ ಇಟ್ಟವನು ನಾನು. ಸಿಲ್ಕ್ ಬೋರ್ಡ್ ದಾಟಿ ಕೆಲಸಕ್ಕೆ ಹೋಗೋದು, ಬರೋದು.

ಇಂಥ ಟ್ರಾಫಿಕ್‌ನಲ್ಲಿ ಇದನ್ನು ಮೀರಿಸುವ ದೊಡ್ಡ ಗಾಡಿ ಇನ್ನೊಂದು ನಾನು ಓಡಿಸಿಲ್ಲ. 2 ಲೀಟರ್ ಪೆಟ್ರೋಲ್ ಇಂಜಿನ್, ಜೊತೆಗೆ ಮೋಟಾರ್. ಎರಡೂ ಸೇರಿ 186 ಪಿಎಸ್ ಶಕ್ತಿ. ತೆವಳುವಾಗ ಇಂಜಿನ್ ಆಫ್ ಆಗಿ ಮೋಟಾರ್ ಮಾತ್ರ ಓಡುತ್ತೆ. ಬ್ರೇಕ್ ಒತ್ತಿದಾಗ ಬ್ಯಾಟರಿ ಚಾರ್ಜ್ ಆಗುತ್ತೆ. ಮನೆಯಲ್ಲಿ ಪ್ಲಗ್ ಹಾಕುವ ಕೆಲಸ ಇಲ್ಲ. ಕ್ಲಚ್ ಇಲ್ಲ, ಮಾಮೂಲಿ ಗೇರ್‌ಬಾಕ್ಸ್ ಇಲ್ಲ. ಕಂಪನಿ ಹೇಳೋದು ಲೀಟರಿಗೆ 23.24. ಅಷ್ಟು ಬರೋದಿಲ್ಲ. ಊರೊಳಗೆ 16-17ರ ಸುಮಾರು ಸಿಗುತ್ತೆ. ಇಷ್ಟು ದೊಡ್ಡ ಪೆಟ್ರೋಲ್ ಗಾಡಿಗೆ ಅದು ತುಂಬಾ ಜಾಸ್ತಿ. ಹೆದ್ದಾರಿಯಲ್ಲಿ ಜೋರಾಗಿ ಹೋದರೆ ಹೈಬ್ರಿಡ್‌ನ ಲಾಭ ಕಮ್ಮಿ ಆಗುತ್ತೆ, ಅದೂ ಸತ್ಯ.

ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ. ಬ್ಯಾಟರಿ ತಣ್ಣಗಿರಲು ಗಾಳಿ ಎಳೆದುಕೊಳ್ಳುವ ಕಿಂಡಿ ಕ್ಯಾಬಿನ್ ಒಳಗೇ ಇರುತ್ತೆ. ಅದರ ಮೇಲೆ ಬಟ್ಟೆ, ಚೀಲ ತುರುಕಬೇಡಿ. ಫಿಲ್ಟರ್ ಕ್ಲೀನ್ ಮಾಡಿಸಿ. ಮನೆಯಲ್ಲಿ ನಾಯಿ ಇದ್ದರಂತೂ ಅದರ ಕೂದಲು ಹೋಗಿ ಕೂರೋದು ಅಲ್ಲೇ.

ಬಿಡದಿ ಬಯಲು (ರಾಮನಗರ)

ಇಷ್ಟೊಂದು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಆದರೂ ಪ್ರಶ್ನೆ ಹಾಗೇ ಇದೆ. ಕ್ವಾಲಿಸ್ ತಗೊಂಡಾಗ ಅದು ಹದಿನಾಲ್ಕು ವರ್ಷ ಪಳಗಿದ ಬಾಡಿ. ಹೈಬ್ರಿಡ್ ನಮಗೆ ಹೊಸದು ಅಲ್ವಾ?

ಹಳೇ ಪುಟ (ಧಾರವಾಡ)

ನಮಗೆ ಹೊಸದು, ಅವರಿಗೆ ಅಲ್ಲ. ಪ್ರಿಯಸ್ ಜಪಾನಿನಲ್ಲಿ ಮಾರಾಟಕ್ಕೆ ಬಂದಿದ್ದು 1997ರ ಡಿಸೆಂಬರ್‌ನಲ್ಲಿ. ಬಿಡದಿಯ ಕಂಪನಿ ಶುರುವಾದದ್ದೂ ಅದೇ ವರ್ಷ. ಭಾರಿ ಸಂಖ್ಯೆಯಲ್ಲಿ ತಯಾರಾದ ಮೊದಲ ಹೈಬ್ರಿಡ್ ಕಾರು ಅದು. ಇಂಜಿನ್ ಮತ್ತು ಮೋಟಾರಿನ ಶಕ್ತಿಯನ್ನು ಪ್ಲಾನೆಟರಿ ಗೇರ್‌ನಲ್ಲಿ (ನಡುವಿನ ಹಲ್ಲುಚಕ್ರದ ಸುತ್ತ ಸಣ್ಣ ಹಲ್ಲುಚಕ್ರಗಳು ಸುತ್ತುವ ಜೋಡಣೆ) ಹಂಚುವ ಮೂಲ ವ್ಯವಸ್ಥೆ ಇವತ್ತಿಗೂ ಅದೇ ಜಾತಿಯದ್ದು. ಅಮೆರಿಕದಲ್ಲಿ ಎಷ್ಟೋ ವರ್ಷ ಪ್ರಿಯಸ್ ಟ್ಯಾಕ್ಸಿಗಳು ಓಡಿವೆ. 2013ರಿಂದ ಕ್ಯಾಮ್ರಿ ಹೈಬ್ರಿಡ್ ಬಿಡದಿಯಲ್ಲೇ ಜೋಡಣೆ ಆಗುತ್ತಿತ್ತು. ಹಾಗೆ ನೋಡಿದರೆ 2022ರ ಕೊನೆಗೆ ಹೈಕ್ರಾಸ್ ಬರುವಾಗ ಆ ತಂತ್ರಕ್ಕೆ 25 ವರ್ಷ. ನಿಮ್ಮ ಕ್ವಾಲಿಸ್‌ಗಿಂತ ಜಾಸ್ತಿ ಪಳಗಿದ್ದು.

ಹೊಸದು ಏನೆಂದರೆ ಚಾಸಿ. ಇದರಲ್ಲಿ ಲ್ಯಾಡರ್ ಚಾಸಿ ಇಲ್ಲ, ಬಾಡಿಯೇ ಎಲ್ಲ ಭಾರ ಹೊರಬೇಕು. ಏಲಕ್ಕಿ ತೋಟದವರು ಹೇಳಿದ್ದನ್ನು ಆ ದೃಷ್ಟಿಯಿಂದಲೂ ಯೋಚಿಸಿ. ಹಳ್ಳಿ ರಸ್ತೆ, ಜಾಸ್ತಿ ಭಾರ ಅಂದರೆ ಹಳೇ ಥರದ್ದೇ ಮೇಲು. ಊರೊಳಗೆ, ಸಂಸಾರಕ್ಕೆ ಅಂದರೆ ಹೈಬ್ರಿಡ್.

ಮೇಷ್ಟ್ರು (ಹಾಸನ)

ಕಾರಿನ ಮಾತಿನ ಮಧ್ಯೆ ಬೇರೆ ವಿಷಯ, ಕ್ಷಮಿಸಿ. 2007ರಿಂದ ಬಿಡದಿಯಲ್ಲಿ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ನಡೆಯುತ್ತಿದೆ. ಎಸ್‌ಎಸ್‌ಎಲ್‌ಸಿ ಮುಗಿಸಿದ ಬಡ ಹಳ್ಳಿ ಮಕ್ಕಳಿಗೆ ಮೂರು ವರ್ಷ ಊಟ, ವಸತಿ ಕೊಟ್ಟು ಕಲಿಸುತ್ತಾರೆ. ನಮ್ಮ ಶಾಲೆಯ ಒಬ್ಬ ಹುಡುಗ ಅಲ್ಲಿ ಓದಿ ವೆಲ್ಡಿಂಗ್‌ನಲ್ಲಿ ಪಳಗಿದ. ರಜೆಗೆ ಬಂದಾಗ ಶಾಲೆಯ ಮುರಿದ ಗೇಟನ್ನು ಯಾರೂ ಹೇಳದೆ ಬೆಸೆದು ಕೊಟ್ಟು ಹೋದ. ಮಕ್ಕಳಿರುವವರು, ಮೇಷ್ಟ್ರುಗಳು ಈ ವಿಷಯ ನಾಲ್ಕು ಜನಕ್ಕೆ ಹೇಳಿ. ಪ್ರವೇಶ ಪರೀಕ್ಷೆ ಇರುತ್ತದೆ.

ಹುಬ್ಬಳ್ಳಿ ಗ್ಯಾರೇಜ್

ಈಗ ನಮ್ಮ ಪಾಳಿ. ಹಳೇ ಇನ್ನೋವಾ ಇಟ್ಟವರು, ಸೆಕೆಂಡ್ ಹ್ಯಾಂಡ್ ತಗೊಳ್ಳೋರು, ಗಮನ ಇಟ್ಟು ಓದಿ.

ಮೊದಲನೇದು ಟೈಮಿಂಗ್ ಬೆಲ್ಟ್, ಇಂಜಿನ್‌ನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಬೆಲ್ಟ್. 2.5 ಡೀಸೆಲ್‌ನಲ್ಲಿ ಚೈನ್ ಇಲ್ಲ, ಬೆಲ್ಟ್ ಇದೆ. ಬದಲಾಯಿಸುವ ಹೊತ್ತಿಗೆ ಮೀಟರ್‌ನಲ್ಲಿ ಬೆಲ್ಟ್ ದೀಪ ಹತ್ತುತ್ತದೆ. ಕೆಲವರು ಬೆಲ್ಟ್ ಹಾಕದೆ ದೀಪ ಮಾತ್ರ ರಿಸೆಟ್ ಮಾಡಿ ಗಾಡಿ ಮಾರುತ್ತಾರೆ. ದೀಪ ಹತ್ತಿಲ್ಲ ಅಂತ ನಂಬಬೇಡಿ. ಮೇಲಿನ ಕವರ್ ಬಿಚ್ಚಿಸಿ ಕಣ್ಣಾರೆ ನೋಡಿ. ಹೊಸ ಬೆಲ್ಟ್ ಮೇಲೆ ಅಕ್ಷರ ಸ್ಪಷ್ಟ ಇರುತ್ತದೆ. ಹಳೇದರ ಮೇಲೆ ಅಕ್ಷರ ಅಳಿಸಿ, ಬೆನ್ನಿನಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತದೆ. ಓಡುವಾಗ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಆಮೇಲೆ ಹೆಡ್ ಇಳಿಸಬೇಕು, ಬಿಲ್ ಲಕ್ಷದ ಹತ್ತಿರ ಹೋಗುತ್ತದೆ. ಬೆಲ್ಟ್ ಹಾಕಿಸುವಾಗ ಟೆನ್ಷನರ್, ವಾಟರ್ ಪಂಪ್ ಕೂಡ ನೋಡಿಸಿಬಿಡಿ. ಕ್ರಿಸ್ಟಾದಲ್ಲಿ ಚೈನ್ ಬಂತು, ಈ ತಲೆನೋವು ಇಲ್ಲ.

ಎರಡನೇದು ಇಂಜೆಕ್ಟರ್. ಬೆಳಿಗ್ಗೆ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ, ಟಕಟಕ ಸದ್ದು ಇದ್ದರೆ ಅನುಮಾನ ಪಡಿ. ಮಾರುವವರ ಮನೆಗೆ ಹೇಳದೆ ಬೆಳಿಗ್ಗೆ ಬೇಗ ಹೋಗಿ. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಬಾನೆಟ್ ಮುಟ್ಟಿದರೆ ಗೊತ್ತಾಗುತ್ತದೆ. ಗ್ಯಾರೇಜ್‌ನಲ್ಲಿ ನಾವು ನಾಲ್ಕೂ ಇಂಜೆಕ್ಟರ್‌ನ ರಿಟರ್ನ್ ಲೈನಿಗೆ ಪೈಪ್ ಹಾಕಿ ನಾಲ್ಕು ಬಾಟಲಿಗೆ ಬಿಡುತ್ತೇವೆ. ಇಂಜಿನ್ ಐಡ್ಲಿಂಗ್‌ನಲ್ಲಿ ಓಡುತ್ತಿರುತ್ತದೆ. ಯಾವ ಬಾಟಲಿ ಉಳಿದವಕ್ಕಿಂತ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸವೆದಿದೆ. ಅದೊಂದನ್ನೇ ರಿಪೇರಿ ಮಾಡಿಸಿದರೆ ಆಗುತ್ತದೆ. ಒಂದಕ್ಕೋಸ್ಕರ ನಾಲ್ಕೂ ಬದಲಾಯಿಸಿ ಅಂತ ಯಾರಾದರೂ ಹೇಳಿದರೆ ಮೊದಲು ಆ ಬಾಟಲಿ ತೋರಿಸಿ ಅನ್ನಿ.

ಕಿಲೋಮೀಟರ್ ತಿರುಚಿದ್ದಾರಾ ಅಂತ ತಿಳಿಯೋಕೆ ಬ್ರೇಕ್ ಪೆಡಲಿನ ರಬ್ಬರ್, ಸ್ಟೀರಿಂಗ್, ಡ್ರೈವರ್ ಸೀಟ್ ಬೆಲ್ಟಿನ ಅಂಚು ನೋಡಿ. ಮೀಟರ್ 90 ಸಾವಿರ ತೋರಿಸಿ ಪೆಡಲ್ ಕಬ್ಬಿಣ ಕಾಣುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಗಾಡಿಯಾ ಅಂತ ಆರ್‌ಟಿಒ ದಾಖಲೆಯಲ್ಲಿ ಸಿಗುತ್ತದೆ. ಕರಾವಳಿಯಿಂದ ಬಂದಿದ್ದರೆ ರ‍್ಯಾಂಪ್ ಮೇಲೆ ಏರಿಸಿ ಚಾಸಿ ಕೆಳಗೆ ತುಕ್ಕು ನೋಡಿ. ದೆಹಲಿಯಿಂದ ಅಗ್ಗಕ್ಕೆ ಬರುವ ಗಾಡಿಗೆ ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸ್, ರೀ-ರಿಜಿಸ್ಟ್ರೇಷನ್ ಎಲ್ಲಾ ಕೂಡಿಸಿ ಲೆಕ್ಕ ಹಾಕಿ. ಅಗ್ಗ ಆಗೋದು ಕಮ್ಮಿ.

ಬಿಡದಿ ಬಯಲು ಅಣ್ಣ, ನಿಮ್ಮ 4 ಲಕ್ಷದ ಗಾಡಿಗೆ ಬೆಲ್ಟ್ ಕೊನೆಗೆ ಯಾವಾಗ ಹಾಕಿಸಿದ್ದು?

ಬಿಡದಿ ಬಯಲು (ರಾಮನಗರ)

3 ಲಕ್ಷ ಆದಮೇಲೆ ಹಾಕಿಸಿದ್ದು, ಬಿಲ್ ಇದೆ. ವಾಟರ್ ಪಂಪ್ ಆಗಲೇ ಬದಲಾಯಿಸಿದ್ದೆವು. ಲೋಯರ್ ಆರ್ಮ್ ಬುಷ್ (ಮುಂದಿನ ಚಕ್ರದ ಸಸ್ಪೆನ್ಷನ್‌ನ ರಬ್ಬರ್) ಈಗ ಸದ್ದು ಮಾಡುತ್ತಿದೆ.

ಮನೆಯಲ್ಲಿ ಮಾತಾಡಿದೆವು. ನಮ್ಮ ಓಡಾಟ ಮುಕ್ಕಾಲು ಪಾಲು ಬೆಂಗಳೂರಿಗೆ, ಮಗಳ ಕೆಲಸ ಅಲ್ಲೇ. ಹಾಗಾಗಿ ಹೈಕ್ರಾಸ್ ಕಡೆಗೇ ಮನಸ್ಸು ವಾಲಿದೆ. ಶೋರೂಂನವರಿಗೆ ಹೇಳಿದ್ದೇನೆ, ಟೆಸ್ಟ್ ಡ್ರೈವ್‌ಗೆ ಮನೆಯವರೆಲ್ಲ ಏಳು ಜನ ಬರುತ್ತೇವೆ, ಏರು ರಸ್ತೆಗೇ ಕರೆದುಕೊಂಡು ಹೋಗುತ್ತೇವೆ ಅಂತ. ಇನ್ನೋವಾ ಮಾರುವುದಿಲ್ಲ. ತೋಟದ ಕೆಲಸಕ್ಕೆ ಬೇಕು.

ಹುಬ್ಬಳ್ಳಿ ಗ್ಯಾರೇಜ್

ಬುಷ್ ಎರಡೂ ಕಡೆ ಒಟ್ಟಿಗೆ ಹಾಕಿಸಿ, ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸದೆ ಓಡಿಸಬೇಡಿ, ಟೈರ್ ಒಂದು ಬದಿ ಸವೆಯುತ್ತದೆ. ಟೆಸ್ಟ್ ಡ್ರೈವ್ ಆದಮೇಲೆ ಹೇಗಿತ್ತು ಅಂತ ಇಲ್ಲೇ ಬರೀರಿ.